ಎದುರು ವಕೀಲರ ಕೋಟು

ವಕೀಲ ಮೇಡಂ ಅವರಿಗೆ ನಮಸ್ಕಾರ.

ಜೀವನಾಂಶದ ಕೇಸಿಗೆ ನೀವು ಬರೆದುಕೊಟ್ಟ ಅಫಿಡವಿಟ್‌ಗೆ ಇನ್ನೂ ಸಹಿ ಹಾಕಿಲ್ಲ. ಬೇಸರ ಮಾಡಿಕೊಳ್ಳಬೇಡಿ, 'ನನಗೆ ಯಾವ ಕೆಲಸವೂ ಬರುವುದಿಲ್ಲ' ಎಂಬ ಸಾಲನ್ನು ತೆಗೆಯಬೇಕು.

ಗಂಡನ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತವಳು ನಾನು. ಕೋಟು ಹೊಲಿಯುತ್ತಿದ್ದವರು ಅವರು; ಗುಂಡಿ ತೂರಿಸುವ ಕಾಜಾಗಳೆಲ್ಲ ನನ್ನ ಕೈಯವು. ಗಿರಾಕಿಗಳು ಕಾಜಾ ನೋಡಿ ಹೊಗಳಿದರೆ ಅವರು, "ಎಲ್ಲಾ ಮೆಷಿನ್ ಕೆಲ್ಸ ಸಾರ್" ಅನ್ನುತ್ತಿದ್ದರು. ನಾನು ಒಳಗೆ ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ.

"ಕೆಲ್ಸ ಬರುತ್ತೆ ಅಂದ್ರೆ ಜೀವನಾಂಶ ಕಮ್ಮಿ ಆಗ್ಬಹುದು, ಯೋಚನೆ ಮಾಡಮ್ಮ" ಎಂದು ನೀವು ನನ್ನ ಒಳ್ಳೆಯದಕ್ಕೇ ಹೇಳಿದಿರಿ. ಯೋಚಿಸಿದೆ. ಕಮ್ಮಿಯಾದರೆ ಆಗಲಿ. ಜೀವನಾಂಶ ಭಿಕ್ಷೆಯಲ್ಲ, ಆ ಸಂಸಾರಕ್ಕೆ ನೀನೂ ದುಡಿದಿದ್ದೀಯ ಎಂದು ಬಿಡಿಸಿ ಹೇಳಿದವರೂ ನೀವೇ. ಏನೂ ಬರದವಳೆಂದು ಕೈಚಾಚಿದರೆ ಅದು ಭಿಕ್ಷೆಯೇ ಆಗಿಬಿಡುತ್ತದೆ.

ದುಡಿದದ್ದಕ್ಕೆ ಸಾಕ್ಷಿ ಏನಿದೆ ಎಂದಿರಿ. ಮೊನ್ನೆ ಎದುರು ವಕೀಲರು ಎದ್ದು ನಿಂತು, "ಈಕೆ ಅಂಗಡಿಗಾಗಿ ಒಂದು ದಿನವೂ ದುಡಿದಿಲ್ಲ ಸ್ವಾಮಿ" ಎಂದರಲ್ಲ, ಆಗ ನನ್ನ ಕಣ್ಣು ಕೆಳಗಿಳಿದದ್ದು ನೋಡಿ ನೀವು ಬೆನ್ನು ಸವರಿದಿರಿ. ನನಗೆ ಅವಮಾನವಾಗಿರಲಿಲ್ಲ ಮೇಡಂ. ಅವರ ಕರಿಕೋಟು ನೋಡುತ್ತಿದ್ದೆ. ನಮ್ಮ ಅಂಗಡಿಯದೇ. ಪ್ರತಿ ಕಾಜಾದ ತುದಿಗೆ ನಾನು ಒಂದು ಗಂಟು ಹೆಚ್ಚಿಗೆ ಹಾಕುತ್ತೇನೆ, ಅದು ಯಾವ ಮೆಷಿನ್ನಿಗೂ ಬರುವುದಿಲ್ಲ.

ಸಾಲು ತಿದ್ದಿ ಕಳಿಸಿ, ಅವತ್ತೇ ಸಹಿ ಹಾಕುತ್ತೇನೆ. ಮುಂದಿನ ಸಲ ಅವರು ಅದೇ ಮಾತೆತ್ತಿದರೆ, ಗುಂಡಿ ಬಿಚ್ಚಿ ಒಮ್ಮೆ ನೋಡಿಕೊಳ್ಳಲು ಹೇಳಿ.

ಇಂತಿ,
ಕಾಜಾ ಕೆಲಸದವಳು