ಮೇಣದ ಎರಡು ಶಿಲುಬೆ

ಕಡಲನ್ನು ಅಂಗೈಯಲ್ಲಿ ಅಳೆದ ಕರ್ತನೇ, ಈ ಮುದಿ ಗುರುವಿನ ನಾಲಿಗೆಯನ್ನೂ ಹಿಡಿದುಕೋ.

ಕ್ರಿಸ್ತಶಕ ೧೯೪೨, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮರುದಿನ, ಆಗಸ್ಟ್ ೧೬, ಭಾನುವಾರ. ಜರ್ಮನರ ವಶದಲ್ಲಿರುವ ಫ್ರಾನ್ಸಿನ ಬಂದರು ಬ್ರೆಸ್ಟ್.

ಬಲಿಪೂಜೆಯ ನಡುವೆ ಬಂದರಿನಿಂದ ವಾದ್ಯಘೋಷ. ಜರ್ಮನರ ಜಲಾಂತರ್ಗಾಮಿಯೊಂದು ಮರಳಿತು. ಮುಳುಗಿಸಿದ ಹಡಗಿಗೊಂದರಂತೆ ಪತಾಕೆ ಕಟ್ಟಿಕೊಂಡು ಬರುವುದು ಅವರ ರೂಢಿ. ಕೊಲೆಗೂ ತೋರಣ!

ಪೂಜೆ ಮುಗಿಯುವ ಮುನ್ನ ಅವರ ವಾದ್ಯತಂಡದಲ್ಲಿ ಕಹಳೆಯೂದುವ ಕ್ರಾಂಟ್ಸ್ ಓಡಿಬಂದು ಮಂಡಿಯೂರಿದ. ಜರ್ಮನಿಯ ಬವೇರಿಯಾದವ, ನಮ್ಮಂತೆಯೇ ಕಥೋಲಿಕ. ಬಂದ ನೌಕೆಯಲ್ಲಿ ಅವನ ತಮ್ಮ ಕ್ಸೇವರ್ ಇದ್ದಾನಂತೆ. ತುಟಿಯ ಮೇಲೆ ಕಹಳೆಯೊತ್ತಿದ ಗುರುತು ಇನ್ನೂ ಮಾಸಿರಲಿಲ್ಲ. ಆ ತುಟಿಗೇ ಪರಮಪ್ರಸಾದ ಕೊಡಬೇಕಾಯಿತು.

ಸೆಪ್ಟೆಂಬರ್ ೯

ನಮ್ಮ ಧರ್ಮಕೇಂದ್ರದ ಸೊವಾಜಳ ಗಂಡ ತುದ್ವಾಲ್ ಇನ್ನಿಲ್ಲ. ಇಂಗ್ಲೆಂಡಿಗೆ ಗೋಧಿ ಸಾಗಿಸುವ ಹಡಗಿನಲ್ಲಿದ್ದ. ಜುಲೈಯಲ್ಲಿ ಟಾರ್ಪಿಡೊ. ಸುದ್ದಿ ಗುಟ್ಟಾಗಿ, ಬಾಯಿಂದ ಬಾಯಿಗೆ, ಈಗ ತಲುಪಿದೆ. ಆಗಸ್ಟಿನ ಆ ಪತಾಕೆಗಳಲ್ಲಿ ಒಂದು ಅವನ ಹಡಗಿನದೇ ಇರಬಹುದು... ನಾವು ಪೂಜೆಯಲ್ಲಿದ್ದಾಗ ಅವನ ಸಾವಿಗೆ ವಾದ್ಯ ನುಡಿಸಿದರು.

ಅವಳೂ ನಾನೂ ಒಂದೇ ದ್ವೀಪದವರು. ದೇಹ ಸಿಗದ ನಾವಿಕನಿಗೆ ಅಲ್ಲಿ ಬೆರಳುದ್ದದ ಮೇಣದ ಶಿಲುಬೆಯೇ ದೇಹ. ಬಿಳಿಬಟ್ಟೆಯ ಮೇಲಿಟ್ಟು ನೆರೆಯವರು ಕಾಯುತ್ತಾರೆ. ಬಳಿಕ ಗುರು ಅದನ್ನು ದೇವಾಲಯದ ಪೆಟ್ಟಿಗೆಯಲ್ಲಿ ಮಲಗಿಸುತ್ತಾನೆ. ಅಲ್ಲಿಯವರೆಗೆ ಸತ್ತವನಿಗೆ ನೆಲೆಯಿಲ್ಲ, ನೀರಿನಲ್ಲೇ ಅಲೆದಾಟ. ಫೆಬ್ರವರಿಯ ಮೇಣದಬತ್ತಿ ಹಬ್ಬದಂದು ಮಂತ್ರಿಸಿದ ಮೇಣವೇ ಆಗಬೇಕು. ಈ ಯುದ್ಧದ ಬರಗಾಲದಲ್ಲಿ ಸಿಕ್ಕಿದ್ದು ಸೊವಾಜಳ ಮನೆಯ ಮೇಣದಬತ್ತಿಯೊಂದೇ. ಅರ್ಧ ಕರಗಿಸಿ ತುದ್ವಾಲನ ಶಿಲುಬೆ ಮಾಡಿದೆವು.

ನನ್ನ ಅಡುಗೆಯಾಕೆ ಮರ್ಜಾನ್ ಅಂದಳು: “ಉಳಿದರ್ಧ ಜೋಪಾನ ಕಣೇ ಸೊವಾಜ್. ನನಗಂತೂ ಬೇಡ. ನಾನು ಹಾಸಿಗೆ ಮೇಲೇ ಸಾಯೋಳು, ಇವರ ಅಡುಗೆ ಮಾಡೀ ಮಾಡೀ.”

ಸೊವಾಜ್ ನಕ್ಕಳು. ಆಮೇಲೆ ಅತ್ತಳು.

ನವೆಂಬರ್ ೨೯, ಆಗಮನಕಾಲದ ಮೊದಲ ಭಾನುವಾರ

ಕ್ರಾಂಟ್ಸ್ ಹಿತ್ತಲ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿ.

“ಸ್ವಾಮಿ, ತಮ್ಮನ ನೌಕೆ ರೇಡಿಯೋದಲ್ಲಿ ಮಾತಾಡ್ತಿಲ್ಲ. ತಿಂಗಳಾಯ್ತು. ಮುಳುಗಿತು ಅಂತ ನಮ್ಮೋರು ಬಾಯಿಬಿಟ್ಟು ಹೇಳಲ್ಲ, ಆದ್ರೆ ಅವನ ಸಾಮಾನಿನ ಪೆಟ್ಟಿಗೆ ನನ್ನ ಕೈಗೆ ಕೊಟ್ಟರು. ನಿಮ್ಮಲ್ಲಿ ಮೇಣದ ಶಿಲುಬೆ ಮಾಡ್ತೀರಂತೆ...”

“ಅವನು ಮುಳುಗಿಸಿದವರಿಗೇ ಮೇಣ ಸಾಲದು,” ಅಂದೆ. “ಹೋಗು. ಅವನಿಗೂ ಕಹಳೆ ಊದು.”

ಹೋದ. ತಿರುಗಿ ನೋಡಲಿಲ್ಲ.

ಮರ್ಜಾನ್: “ಸರಿಯಾಗಿ ಹೇಳಿದ್ರಿ.” ಸ್ವಲ್ಪ ಹೊತ್ತಿಗೆ, ಬೆನ್ನು ತಿರುಗಿಸಿ: “ಸಾರು ಇಳೀತಿಲ್ವಾ?”

ಬಟ್ಟಲು ಪಕ್ಕಕ್ಕೆ ಸರಿಸಿದೆ.

ಡಿಸೆಂಬರ್ ೨, ಬೆಳಿಗ್ಗೆ

ಮರ್ಜಾನಳ ಬಾಯಿಗೆ ಬೀಗವಿಲ್ಲ. ಸೊವಾಜ್ ಬಂದು ಅರ್ಧಬತ್ತಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ಮಾಡಿ ಸ್ವಾಮಿ.”

“ಯಾರಿಗೆಂದು ಗೊತ್ತೇ ಮಗಳೇ?”

“ಗೊತ್ತು. ನನ್ನ ಗಂಡನ್ನ ಅವನೇ ಕೊಂದಿದ್ರೂ ಕೊಂದಿರಬಹುದು.”

“ಕ್ಷಮಿಸಿದೆಯಾ?”

“ಕ್ಷಮೆನಾ? ನೀವು ಉಪದೇಶಕ್ಕೆ ಇಟ್ಕೊಳ್ಳಿ ಅದನ್ನ. ನನ್ನ ತುದ್ವಾಲ್ ಈಗ ತಾನೇ ಮಲಗಿದ್ದಾನೆ. ಈ ಹಾಳಾದವನು ನೆಲೆ ಇಲ್ದೆ ಅಲೀತಾ ಹೋಗಿ ಅವನನ್ನ ಎಬ್ಬಿಸೋದು ಬೇಡ. ಮಲಗಿಸಿಬಿಡಿ.”

ಮೇಣ ಕರಗಿಸಿದೆ. ಹಲ್ಲು ಕಚ್ಚಿಕೊಂಡೇ.

ಡಿಸೆಂಬರ್ ೩

ಕ್ರಾಂಟ್ಸನನ್ನು ಕರೆಸಿದೆ. ಕಾಯಲು ಸೊವಾಜ್ ಕುಳಿತಳು, ಅವನ ಕಡೆ ನೋಡದೆ. ಇರುವುದು ಒಂದೇ ಪೆಟ್ಟಿಗೆ. ತುದ್ವಾಲನ ಪಕ್ಕದಲ್ಲೇ ಇಡಬೇಕಾಯಿತು. ನಡುವೆ ಸೊವಾಜ್ ತನ್ನ ಕೈಬೆರಳನ್ನಿಟ್ಟು ಅಂತರ ಅಳೆದಳು. “ಇಷ್ಟಿರಲಿ,” ಅಂದಳು.

ಕೋಪ ಹೋಗಿಲ್ಲ. ಬಂದರಿಗೆ ಇನ್ನೊಂದು ನೌಕೆ ಬಂದಂತಿದೆ, ವಾದ್ಯ ಕೇಳುತ್ತಿದೆ. ಕಹಳೆಯ ದನಿ ಇಲ್ಲ.

ಮುಳುಗಿದವನಿಗೆ ಶಾಂತಿ. ಮುಳುಗಿಸಿ ಮುಳುಗಿದವನಿಗೂ. ಮೇಣ ಕೊಟ್ಟವಳಿಗೆ, ಕಹಳೆ ಕೆಳಗಿಟ್ಟವನಿಗೆ, ಬಾಗಿಲಿನಿಂದ ಅವನನ್ನಟ್ಟಿದ ಈ ಮುದುಕನಿಗೆ. ಇವತ್ತು ಪತಾಕೆ ಕಟ್ಟಿಕೊಂಡು ಬಂದವರಿಗೂ, ಕರ್ತನೇ, ಅವರಿಗೂ —