ನೀವು ಪಕ್ಕದಲ್ಲಿಲ್ಲದ ಫೋಟೋಗಳು

ಭಾನುವಾರ, ಅಂಗಡಿ ಬಾಗಿಲು ಹಾಕಿದ ಮೇಲೆ

ಸ್ಟುಡಿಯೋ ಯಜಮಾನರಿಗೆ, ನಾಲ್ಕು ವರ್ಷದಿಂದ ಅದನ್ನು ಒಬ್ಬಳೇ ನಡೆಸುತ್ತಿರುವವಳು ಬರೆಯುವುದು.

ನಾನು ಚೆನ್ನಾಗಿದ್ದೇನೆ. ನಿಮ್ಮ ಕೆಮ್ಮು ಇನ್ನೂ ಹೋಗಿಲ್ಲವೆಂದು ನಾದಿನಿ ಹೇಳಿದಳು. ನಿಮ್ಮ ಸುದ್ದಿಯೆಲ್ಲ ನಿಮ್ಮ ತಂಗಿಯ ಬಾಯಿಂದಲೇ ನನಗೆ ಬರಬೇಕು ಎಂಬ ಕಾನೂನು ಯಾರು ಮಾಡಿದರೋ ಕಾಣೆ. ಒಂದು ವರ್ಷಕ್ಕೆಂದು ಹೋದವರು ಪರದೇಶದಲ್ಲೇ ನಿಂತುಬಿಡುತ್ತೀರಿ ಎನ್ನುವುದನ್ನೂ ಅವಳೇ ಹೇಳಿದ್ದು. ಅದು ಇವತ್ತಿಗೂ ನೋಯುತ್ತದೆ. ಬರೆದುಬಿಟ್ಟೆ, ಹೊಡೆದುಹಾಕುವುದಿಲ್ಲ.

ಹೋದ ತಿಂಗಳು ನೀವಾಗಿಯೇ ಫೋನ್ ಮಾಡಿ, ಹೆಂಡತಿಗೆ ಕೊಡುವ ವೀಸಾ ಹಾಕು, ಬಂದು ಇಲ್ಲೇ ಇದ್ದುಬಿಡು ಎಂದಿರಿ. ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಈಗ ಉತ್ತರ ಕೊಡುತ್ತಿದ್ದೇನೆ. ಕಾಗದದಲ್ಲೇ ಯಾಕೆಂದರೆ, ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ.

ಬಸ್ ನಿಲ್ದಾಣದ ಎದುರು, ಮೊದಲ ಮಹಡಿಯಲ್ಲಿ ಒಬ್ಬರು ವೀಸಾ ಏಜೆಂಟ್ ಇದ್ದಾರೆ. ನಮ್ಮಲ್ಲಿ ಫೋಟೋ ತೆಗೆಸಿಕೊಂಡವರನ್ನು ಅವರ ಹತ್ತಿರ ಕಳಿಸುವವಳೇ ನಾನು. ಯಾವ ದೇಶಕ್ಕೆ ಮುಖ ಎಷ್ಟು ದೊಡ್ಡದಿರಬೇಕು, ಕಿವಿ ಕಾಣಬೇಕೋ ಬೇಡವೋ, ಎಲ್ಲ ಬಾಯಿಪಾಠ. ಫೋಟೋ ಅಂಟಿಸಿದ ಮೇಲೆ ಏನಾಗುತ್ತದೆ ಎಂದು ಮಾತ್ರ ಯಾವತ್ತೂ ವಿಚಾರಿಸಿರಲಿಲ್ಲ. ಅವರು ನನಗೆ ಎರಡು ದಾರಿ ತೋರಿಸಿದರು. ಹೆಂಡತಿಯಾಗಿ ಹೋದರೆ ಅಲ್ಲೇ ಇರಬಹುದು, ಕೆಲಸಕ್ಕೂ ಸೇರಬಹುದು. ಸುಮ್ಮನೆ ನೋಡಿಕೊಂಡು ಬರಲು ಹೋದರೆ ಆರು ತಿಂಗಳೊಳಗೆ ವಾಪಸು ಬರಬೇಕು, ಕೆಲಸ ಮಾಡುವಂತಿಲ್ಲ, ಅಲ್ಲೇ ಕೂತು ಈ ವೀಸಾವನ್ನು ಆ ವೀಸಾಕ್ಕೆ ಬದಲಾಯಿಸಿಕೊಳ್ಳುವಂತೆಯೂ ಇಲ್ಲ. ನಾನು ಹೆಂಡತಿಯೇ ತಾನೆ, ಮೊದಲನೆಯದನ್ನೇ ಹಾಕಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಮದ್ವೆ ಆಗಿದೆ ಅನ್ನೋದಕ್ಕೆ ಸರ್ಟಿಫಿಕೇಟ್ ಸಾಕು ಮೇಡಂ. ಸಂಸಾರ ಮಾಡಿದೀರಿ ಅನ್ನೋದಕ್ಕೆ ಫೋಟೋ ಬೇಕು. ಇಬ್ರೂ ಇರೋದು, ಬೇರೆ ಬೇರೆ ವರ್ಷದ್ದು.”

ನನಗೆ ನಗು ಬಂತು. ಫೋಟೋದವರ ಮನೆಯಲ್ಲಿ ಫೋಟೋಗೆ ಬರವೇ? ಮನೆಗೆ ಬಂದು ಕಪಾಟಿನಲ್ಲಿದ್ದ ಆಲ್ಬಂಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ರೀ, ಮದುವೆ ದಿನ ಬಿಟ್ಟರೆ ನಾವಿಬ್ಬರೂ ಇರುವ ಒಂದೇ ಒಂದು ಫೋಟೋ ಇಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಹಾಗೆ. ನೀವು ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ. ಕೊಟ್ಟರೆ ಕೈ ಅಲ್ಲಾಡಿಸಿ ಕೆಡಿಸುತ್ತಾರೆ ಎನ್ನುತ್ತಿದ್ದಿರಿ. ಹೀಗಾಗಿ ನಾನು ಸಮುದ್ರದ ದಂಡೆಯಲ್ಲಿ, ನಾನು ಸ್ಟುಡಿಯೋದ ಹೊಸ ಪರದೆ ಮುಂದೆ, ನಾನು ನಿಮ್ಮನ್ನು ಬೈಯುತ್ತಾ ಈರುಳ್ಳಿ ಹೆಚ್ಚುತ್ತಿರುವುದು. ಎಲ್ಲದರಲ್ಲೂ ನಾನೊಬ್ಬಳೇ. ಸಮುದ್ರದ ದಂಡೆಯದರಲ್ಲಿ ನಿಮ್ಮ ನೆರಳು ನನ್ನ ಪಾದದವರೆಗೆ ಬಂದಿದೆ. ನೆರಳು ನಡೆಯುತ್ತದೆಯೇ ಎಂದು ಏಜೆಂಟರನ್ನು ಕೇಳಿದೆ. ನಡೆಯುವುದಿಲ್ಲವಂತೆ.

ಆಮೇಲೆ ಮಾಡಬಾರದ್ದಕ್ಕೆ ಕೈ ಹಾಕಿದೆ. ಮದುವೆಗೆ ಬರಲಾಗದ ಸೋದರಮಾವನನ್ನು ಗುಂಪಿನಲ್ಲಿ ತಂದು ನಿಲ್ಲಿಸುವುದು ನನಗೆ ದಿನದ ಕೆಲಸ. ನಿಮ್ಮ ಹಳೆಯದೊಂದು ಫೋಟೋ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ನಿಮ್ಮನ್ನು ಸಮುದ್ರದ ದಂಡೆಗೆ ಕರೆತಂದೆ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿ ಕೆನ್ನೆಗೆ ಬೆಳಕು ಹಾಕಿದೆ, ಗಾಳಿಗೆ ತಕ್ಕಂತೆ ಅಂಗಿಯನ್ನೂ ಸ್ವಲ್ಪ ಹಾರಿಸಿದೆ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಎಷ್ಟು ಪರಾಂಬರಿಸಿದರೂ ಯಾವ ಅಧಿಕಾರಿಗೂ ಗೊತ್ತಾಗುವಂತಿರಲಿಲ್ಲ. ನನಗೆ ಗೊತ್ತಾಯಿತು. ಆ ಫೋಟೋದಲ್ಲಿ ನಾನು ನಗುತ್ತಿರುವುದು ಎದುರಿಗೆ ನಿಂತಿದ್ದ ನಿಮ್ಮನ್ನು ನೋಡಿ. ನಿಮ್ಮನ್ನು ಪಕ್ಕಕ್ಕೆ ತಂದು ನಿಲ್ಲಿಸಿದ ಮೇಲೆ ಎದುರಿಗೆ ಯಾರೂ ಉಳಿಯಲಿಲ್ಲ. ಹುಚ್ಚಿಯ ಹಾಗೆ ಖಾಲಿ ಜಾಗವನ್ನು ನೋಡಿ ಹಲ್ಲು ಬಿಡುತ್ತಿದ್ದೇನೆ. ಅಳು ಬಂತು. ಅಳಿಸಿಬಿಟ್ಟೆ.

ಮಾರನೆಯ ದಿನ ಹೋಗಿ ಎರಡನೆಯ ವೀಸಾ ಹಾಕಿ ಎಂದೆ. ಅದಕ್ಕೆ ಸಾಕ್ಷಿ ಬೇಡವೇ ಎಂದು ಕೇಳಿದರೆ, ಅದಕ್ಕೂ ಬೇಕಂತೆ. ಮೊದಲನೆಯದಕ್ಕೆ ನಿಮ್ಮ ಜೊತೆ ಬಾಳಿದ್ದೇನೆ ಎಂದು ತೋರಿಸಬೇಕು, ಇದಕ್ಕೆ ನಿಮ್ಮನ್ನು ಬಿಟ್ಟು ಬರುತ್ತೇನೆ ಎಂದು ತೋರಿಸಬೇಕು. ಇದಕ್ಕೆ ನನ್ನ ಹತ್ತಿರ ಬೇಕಾದಷ್ಟಿದೆ. ಅಂಗಡಿಯ ಬಾಡಿಗೆ ಕರಾರು ನನ್ನ ಹೆಸರಿನಲ್ಲಿದೆ, ತೆರಿಗೆ ಕಟ್ಟುವವಳು ನಾನು, ಎರಡು ಶಾಲೆಯವರು ಮಕ್ಕಳ ಫೋಟೋ ತೆಗೆಯುವುದನ್ನು ಮುಂದಿನ ವರ್ಷಕ್ಕೂ ನನಗೇ ಒಪ್ಪಿಸಿದ್ದಾರೆ. ಒಂದು ದಿನದಲ್ಲಿ ಎಲ್ಲ ಜೋಡಿಸಿಕೊಟ್ಟೆ. ಮೊನ್ನೆ ವೀಸಾ ಬಂತು.

ಸಿಟ್ಟು ಮಾಡಿಕೊಳ್ಳಬೇಡಿ. ವೀಸಾದವರು ಸಾಕ್ಷಿ ಕೇಳಿದ್ದರಲ್ಲಿ ತಪ್ಪೇನಿದೆ? ನಾಲ್ಕು ವರ್ಷದಲ್ಲಿ ನಾವು ಗಂಡ ಹೆಂಡತಿ ಎನ್ನುವುದಕ್ಕೆ ನನಗೇ ಸಾಕ್ಷಿ ಸಿಕ್ಕಲಿಲ್ಲ. ನಿಮಗೆ ಬೇಕಾಗಿರುವುದು ನಾನೋ, ಕೆಮ್ಮಿದಾಗ ಬಿಸಿನೀರು ಕೊಡುವವರೋ, ಅದನ್ನು ಕಣ್ಣಾರೆ ನೋಡದೆ ಅಂಗಡಿ ಮುಚ್ಚಿ ಬರುವ ಧೈರ್ಯ ನನಗಿಲ್ಲ. ಮೂರು ವಾರ ಇರುತ್ತೇನೆ. ನಿಮ್ಮ ಕೋಣೆ ನೋಡುತ್ತೇನೆ, ನಿಮ್ಮ ಕೆಲಸ ನೋಡುತ್ತೇನೆ. ನನ್ನನ್ನು ಕಂಡು ನಿಮ್ಮ ಮುಖ ಹೇಗಾಗುತ್ತದೆ ಎಂದೂ ನೋಡುತ್ತೇನೆ. ಆಮೇಲೆ ವಾಪಸು ಬಂದು ಯೋಚಿಸುತ್ತೇನೆ. ಅಷ್ಟೇ ನನ್ನ ಉತ್ತರ.

ಇಂತಿ,
ನೋಡಲು ಬರುತ್ತಿರುವ
ನಿಮ್ಮ ಹೆಂಡತಿ

ತಾ.ಕ.: ಹೋಗಿಬರುವ ಟಿಕೆಟ್ ಎರಡು ಥರ ಇದ್ದವು, ವಾಪಸಿನ ತಾರೀಖು ಬದಲಾಯಿಸಲು ಆಗದಿರುವುದು ಮತ್ತು ಆಗುವುದು. ನಾನು ಆಗುವುದನ್ನೇ ತೆಗೆದುಕೊಂಡಿದ್ದೇನೆ. ಆದರೆ ಇನ್ನೂ ಸ್ವಲ್ಪ ದಿನ ಇರು ಎಂದು ನೀವು ಬಾಯಿಬಿಟ್ಟು ಕೇಳಬೇಕು. ನಾನಾಗಿ ಹೇಳುವುದಿಲ್ಲ.