ಚುಮು ಬಿದ್ದದ್ದು ದೊಡ್ಡಿಯ ಹೊರಗೆ

ಜೂನ್ ೯
ಇವತ್ತೂ ಗಂಜಿ ಇಬ್ಬರಿಗಾಗುವಷ್ಟು ಮಾಡಿದೆ. ನನ್ನ ಗಂಡ ಮೊಟ್ಲಾಟ್ಸಿ ಇನ್ನಿಲ್ಲವೆಂದು ಕೈಗೆ ಇನ್ನೂ ತಿಳಿದಿಲ್ಲ.
ಊರ ಮುಖ್ಯಸ್ಥರು ಕಟಾವಾದ ಹೊಲಗಳನ್ನು ಬಿಟ್ಟುಕೊಟ್ಟರು. ಇನ್ನು ಯಾರ ದನವಾದರೂ ಯಾರ ಹೊಲಕ್ಕಾದರೂ ಹೋಗಬಹುದು. ಎಲ್ಲಕ್ಕಿಂತ ಮುಂದೆ ಓಡಿದವಳು ಚುಮು. ಬಿಳಿ ಮುಖದ ಹಸು. ಅವನು ಕರುವಿನಿಂದ ಸಾಕಿದ್ದು, ನನಗೆ ಬಿಟ್ಟುಹೋದದ್ದು. ಎಲ್ಲರ ಹಾಗೆ ನಾನೂ ಮೆಕ್ಕೆಜೋಳದ ಹಗುರ ತೆನೆಗಳನ್ನು ಮುರಿಯದೆ ದನಕ್ಕೆಂದು ಬಿಟ್ಟಿದ್ದೆ. ತಿನ್ನಲಿ.

ಜೂನ್ ೧೬
ಚುಮು ಕಾಲನ್ನು ಎತ್ತೆತ್ತಿ ಇಡುತ್ತಾಳೆ, ಹೊಳೆ ದಾಟುವವಳ ಹಾಗೆ. ತೂರಾಡುತ್ತಾಳೆ.
ಪಕ್ಕದ ಮನೆಯ ಮಾಥಾಟೊ ಗೋಡೆಯಾಚೆಯಿಂದ, "ಏನಕ್ಕಾ, ನಿಮ್ಮ ಹಸು ನಮ್ಮನೆ ಬೀರಿನ ಮಡಕೆಗೆ ಬಾಯಿ ಹಾಕ್ತಾ ಹೇಗೆ?"
ನಕ್ಕೆ. ಎಷ್ಟೋ ದಿನದ ಮೇಲೆ.
ಮೈದುನ ಲೆಫಾ ನಗಲಿಲ್ಲ. "ಅತ್ತಿಗೆ, ಸೂತಕದ ಕರಿಬಟ್ಟೆ ಉಟ್ಕೊಂಡು ದೊಡ್ಡಿ ಒಳಗೆ ಕಾಲಿಟ್ರಾ?"
ಇಟ್ಟಿಲ್ಲ. ಕಲ್ಲುಗೋಡೆಯ ಹೊರಗೇ ನಿಂತು ಅವಳನ್ನು ನೋಡುತ್ತೇನೆ, ಅಷ್ಟೇ.
"ನೆರಳು ಬಿದ್ರೂ ಸಾಕು," ಅಂದ. ಅವಳನ್ನು ಮತ್ತೆ ಹೊಲಕ್ಕೇ ಅಟ್ಟಿದ.

ಜೂನ್ ೧೮, ಸಂಜೆ
ಚುಮು ಬಿದ್ದಳು. ಮನೆಗೆ ಬರುತ್ತಾ, ದೊಡ್ಡಿಯ ಬಾಗಿಲ ಮುಂದೆಯೇ.
ಲೆಫಾ: "ಸತ್ತ ಮೇಲೆ ಮಾಂಸಾನೂ ಇಲ್ಲ. ಮುಂದಿನ ಶನಿವಾರದವರೆಗೆ ನೋಡ್ತೀನಿ. ಏಳದಿದ್ರೆ ಕಡಿಯೋದೇ."
ಶನಿವಾರ ೨೭.
ಆಮೇಲೆ ಹೊಳೆಯಿತು — ಬಿದ್ದದ್ದು ಬಾಗಿಲ ಹೊರಗೆ! ಸೂತಕದವಳು ದೊಡ್ಡಿಯ ಒಳಗೆ ಹೋಗಬಾರದು. ಹೊರಗಿರುವ ಹಸುವಿನ ಹತ್ತಿರ ಹೋಗಬಾರದೆಂದು ಯಾರೂ ಹೇಳಿಲ್ಲ. ನೀರು, ಒಣಹುಲ್ಲು ತೆಗೆದುಕೊಂಡು ಓಡಿದೆ. ಕತ್ತು ತಬ್ಬಿಕೊಂಡೆ. ಮೊಟ್ಲಾಟ್ಸಿಯ ಕಂಬಳಿಯನ್ನು ಅವಳಿಗೇ ಹೊದಿಸಿದೆ.

ಜೂನ್ ೧೯
ಪಶುವೈದ್ಯೆ ಲಿಂಫೊ ಕುದುರೆಯ ಮೇಲೆ ಬಂದರು. ಹಸುವನ್ನು ಮುಟ್ಟಿ ನೋಡಿ ನೇರ ಹೊಲಕ್ಕೆ ನಡೆದರು. ನನ್ನ ಹಗುರ ತೆನೆಯೊಂದನ್ನು ಮುರಿದರು. ಕಾಳುಗಳ ನಡುವೆ ಬಿಳಿ ಬೂಷ್ಟು, ದಿಂಡಿನಲ್ಲಿ ಗಸಗಸೆಯಂಥ ಕಪ್ಪು ಚುಕ್ಕಿ.
"ಸುಗ್ಗೀಲಿ ಮಳೆ ಬಂತಲ್ಲ, ಅದಕ್ಕೆ ಹಿಡಿದಿದೆ. ಇದೇ ವಿಷ. ಮದ್ದಿಲ್ಲ ಅಮ್ಮಾ. ಹೊಲ ಬಿಡಿಸಿ, ಒಳ್ಳೆ ಮೇವು ಹಾಕಿ. ಮಗ್ಗುಲು ಬದಲಿಸ್ತಾ ಇರಿ. ಎಷ್ಟೋ ದನ ಏಳ್ತವೆ."
ಏಳ್ತವೆ! ದಾರಿಯುದ್ದಕ್ಕೂ ಅದೇ ಮಾತು ಬಾಯಲ್ಲಿ.
ಲೆಫಾ ಮೂಗು ಮುರಿದ. "ಬೂಷ್ಟಂತೆ! ನಮ್ಮಜ್ಜನ ದನ ತಿಂದಿಲ್ವಾ?"

ಜೂನ್ ೨೧
ಲೆಫಾನ ಎತ್ತೂ ತೂರಾಡುತ್ತಿದೆ. ಅದರ ಹತ್ತಿರ ನಾನು ಸುಳಿದೇ ಇಲ್ಲ.
ಮಾಥಾಟೊ ಬಿಡುವವಳೇ? "ಏನಪ್ಪಾ, ಅಕ್ಕನ ನೆರಳು ನಿನ್ನ ದೊಡ್ಡಿವರೆಗೂ ಉದ್ದ ಬೆಳೀತಾ?"
ಲೆಫಾ ಕೋಲು ಹಿಡಿದು ಹೋದ. ಎತ್ತನ್ನು ಹೊಲದಿಂದ ಹೊಡೆದುಕೊಂಡು ಬಂದ. ಆದರೂ ಚುಮುವಿನ ಶನಿವಾರ ಹಾಗೇ ಇದೆ.

ಜೂನ್ ೨೫
ತಾನಾಗಿ ಮಗ್ಗುಲು ಬದಲಿಸಿದಳು! ಹುಲ್ಲಿಗೆ ಕತ್ತು ಚಾಚಿದಳು. ಮೊಟ್ಲಾಟ್ಸಿ ಶಿಳ್ಳೆ ಹಾಕುತ್ತಿದ್ದ ರೀತಿಯಲ್ಲಿ ಹಾಕಿ ನೋಡಿದೆ — ಬರೀ ಗಾಳಿ ಬಂತು. ಕಿವಿ ನಿಮಿರಿಸಿದಳು, ಪಾಪ.

ಜೂನ್ ೨೭, ಶನಿವಾರ, ಬೆಳಿಗ್ಗೆ
ಗೋಡೆಗೊರಗಿ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲಾಗದೆ. ನಡು ಚಳಿಗಾಲ, ಹುಲ್ಲಿನ ಮೇಲೆಲ್ಲಾ ಇಬ್ಬನಿ ಹೆಪ್ಪುಗಟ್ಟಿದೆ. ಲೆಫಾ ಕತ್ತಿ ಮಸೆಯುತ್ತಿದ್ದಾನೆ, ನನ್ನ ಮುಖ ನೋಡದೆ.
ಚುಮು ಹಿಂಗಾಲು ಎತ್ತಿದಳು. ನಡುಕ. ಬಿದ್ದಳು.
ಮತ್ತೆ. ಹಿಂಗಾಲು... ಮುಂಗಾಲು ಇನ್ನೂ ಮಂಡಿಯೂರಿದೆ... ಮಸೆಯುವ ಸದ್ದು ನಿಂತಿತು —
ನಿಂತಳು! ನಿಂತಳು! ಅಯ್ಯೋ, ಕಂಬಳಿ ಹೊದ್ದುಕೊಂಡೇ ನಡೆಯುತ್ತಿದ್ದಾಳೆ! ಎತ್ತ? ಹೊಲದ ಕಡೆ! ಮತ್ತೆ ಆ ತೆನೆಗೇ!
ಲೆಫಾ ಕತ್ತಿ ಬಿಸಾಕಿ ಓಡುತ್ತಿದ್ದಾನೆ. ಕೂಗುತ್ತಿದ್ದಾನೆ — "ಅತ್ತಿಗೇ! ಅಡ್ಡ ಬನ್ನಿ! ದೊಡ್ಡಿಗೆ ತಿರುಗ್ಸಿ, ಒಳಕ್ಕೆ... ನೀವೂ ಬನ್ನಿ ಒಳಕ್ಕೆ, ಬಟ್ಟೆ ಯಾವುದಾದ್ರೂ ಇರ್ಲಿ, ಬೇಗ —"